ಈ ಜಾತ್ರೆಗೆ ಹೊಸ್ತಿಲು ದಾಟಿಸೋಣ

ಮುಳಗುಂದ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ,

2025ರ ಜುಲೈ 25ರಂದು ‘ಮಹಾವತಾರ ನರಸಿಂಹ’ ತೆರೆಗೆ ಬಂತು. ಅಶ್ವಿನ್ ಕುಮಾರ್ ನಿರ್ದೇಶಿಸಿದ ಅನಿಮೇಷನ್ ಚಿತ್ರ. ಅರ್ಪಿಸಿದವರು ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್‌ನವರು. ಅದರಲ್ಲಿ ಹೆಸರಾಂತ ನಾಯಕ ನಟನಿಲ್ಲ. ಆದರೂ ಜನ ಮಕ್ಕಳು-ಮರಿ ಕಟ್ಟಿಕೊಂಡು ಹೋದರು. ಎಷ್ಟೋ ಕಡೆ ಚಪ್ಪಲಿ ಹೊರಗೆ ಬಿಟ್ಟು ಟಾಕೀಸಿನೊಳಗೆ ಕಾಲಿಟ್ಟರು, ಭಜನೆ ಹಾಡಿದರು, ಕೈ ಮುಗಿದರು. ಕನ್ನಡದವರಿಗೆ ಈ ಕಥೆ ಹೊಸದಲ್ಲ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜಕುಮಾರ್ ಹಿರಣ್ಯಕಶಿಪುವಾಗಿ ಗುಡುಗಿದ್ದನ್ನೂ, ಎದುರಿಗೆ ಪುಟ್ಟ ಪುನೀತ್ ಪ್ರಹ್ಲಾದನಾಗಿ ಅಂಜದೆ ನಿಂತದ್ದನ್ನೂ ಮೂರು ತಲೆಮಾರು ನೋಡಿದೆ. ಆ ಹುಡುಗ ನಮ್ಮ ಪ್ರತಿ ಮನೆಯ ಮಗನಾದ.

ಈ ಭಕ್ತಿ ನಿಜವಾದದ್ದು. ಅದನ್ನು ಯಾರೂ ಹಗುರವಾಗಿ ಕಾಣಬಾರದು. ಅದು ನಿಜವಾದದ್ದು ಎಂಬ ಕಾರಣಕ್ಕೇ ನಿಮ್ಮ ಮುಂದೆ ಒಂದು ಮಾತು ಇಡುತ್ತಿದ್ದೇನೆ. ತೆರೆಯ ಮೇಲೆ ನಾವು ಕೈ ಮುಗಿದ ದೇವರು ಏನು ಮಾಡಿದ ಎಂಬುದನ್ನು ಇನ್ನೊಮ್ಮೆ ನೆನೆಸಿಕೊಳ್ಳೋಣ. ನೆನೆದ ಮೇಲೆ, ನಮ್ಮೂರ ಗುಡಿಯ ಬಾಗಿಲ ಕಡೆ ತಿರುಗಿ ನೋಡೋಣ.

ಹಿರಣ್ಯಕಶಿಪು ಬೇಡಿಕೊಂಡ ವರ ನಿಮಗೆಲ್ಲ ಗೊತ್ತು. ಮನುಷ್ಯನಿಂದ ಸಾವು ಬೇಡ, ಮೃಗದಿಂದ ಬೇಡ. ಹಗಲು ಬೇಡ, ಇರುಳು ಬೇಡ. ಒಳಗೆ ಬೇಡ, ಹೊರಗೆ ಬೇಡ. ಇಷ್ಟು ಬೇಲಿ ಹಾಕಿಕೊಂಡವನನ್ನು ನರಸಿಂಹ ಮುಚ್ಚಂಜೆಯ ಹೊತ್ತಿನಲ್ಲಿ, ಹೊಸ್ತಿಲ ಮೇಲೆ, ತೊಡೆಯ ಮೇಲೆ ಕೆಡವಿಕೊಂಡು ಉಗುರಿನಿಂದ ಸೀಳಿದ. ಒಳಗಿನವರು ಬೇರೆ, ಹೊರಗಿನವರು ಬೇರೆ ಎಂಬ ಗೆರೆ ಆ ಹೊಸ್ತಿಲಲ್ಲೇ ಅಳಿಸಿಹೋಯಿತು. ಭಾಗವತದ ಏಳನೆಯ ಸ್ಕಂಧದಲ್ಲಿ ಮುಂದಿನ ಮಾತೂ ಇದೆ. ನರಸಿಂಹನ ಸಿಟ್ಟು ಇಳಿಯಲಿಲ್ಲ. ದೇವತೆಗಳು ದೂರ ನಿಂತರು. ಲಕ್ಷ್ಮಿಯೇ ಹತ್ತಿರ ಹೋಗಲು ಹೆದರಿದಳು. ಆಗ ಒಂದು ಮಗುವನ್ನು ಮುಂದೆ ಕಳಿಸಿದರು. ಪ್ರಹ್ಲಾದ ಹೋಗಿ ಕಾಲಿಗೆ ಬಿದ್ದ, ದೇವರು ಅವನನ್ನು ಎತ್ತಿ ತಲೆಯ ಮೇಲೆ ಕೈಯಿಟ್ಟ. ಆ ಮಗು ಹುಟ್ಟಿದ್ದು ಅಸುರ ಕುಲದಲ್ಲಿ. ಯಾವ ಕುಲದವನು, ಯಾರ ಮಗ, ಹತ್ತಿರ ಬರಬಹುದೋ ಬಾರದೋ ಎಂದು ದೇವರು ಕೇಳಲಿಲ್ಲ.

ಈಗ ಇನ್ನೊಂದು ಮಗುವಿನ ಕಥೆ ಕೇಳಿ. ಇದು ಪುರಾಣವಲ್ಲ. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲ್ಲೂಕು, ಮಿಯಾಪುರ. 2021ರ ಸೆಪ್ಟೆಂಬರ್ 4. ಎರಡು ವರ್ಷದ ಕೂಸಿನ ಹುಟ್ಟುಹಬ್ಬ. ಪರಿಶಿಷ್ಟ ಜಾತಿಗೆ ಸೇರಿದ ತಂದೆ ಮಗನನ್ನು ಮನೆಯೆದುರಿನ ಹನುಮಪ್ಪನ ಗುಡಿಗೆ ಕರೆದುಕೊಂಡು ಹೋದ. ಊರ ಪದ್ಧತಿಯಂತೆ ಹೊರಗೇ ನಿಂತು ಕೈ ಮುಗಿದ. ಮಳೆ ಹನಿಯತೊಡಗಿತು, ಕೂಸು ಗುಡಿಯೊಳಗೆ ಓಡಿತು. ಎರಡು ವರ್ಷದ ಮಗುವಿಗೆ ಹೊಸ್ತಿಲು ಎಂದರೇನು ಗೊತ್ತು? ಮಳೆ ಬಂದರೆ ಸೂರಿನಡಿ ಹೋಗಬೇಕು ಎಂಬುದಷ್ಟೇ ಗೊತ್ತು. ಹಿರಿಯರೆನಿಸಿಕೊಂಡವರು ಸಭೆ ಸೇರಿ, ಗುಡಿ ಶುದ್ಧಿ ಮಾಡಿಸುವ ಖರ್ಚಿಗೆಂದು ಆ ಕುಟುಂಬದ ಮೇಲೆ 25,000 ರೂಪಾಯಿ ದಂಡ ಹೇರಿದರು. ಸುದ್ದಿ ಹೊರಬಿದ್ದ ಮೇಲೆ ಪೊಲೀಸರು ಐವರನ್ನು ಬಂಧಿಸಿದರು.

ಮರುವರ್ಷ, 2022ರ ಸೆಪ್ಟೆಂಬರ್‌ನಲ್ಲಿ, ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿ. ದೇವರ ಕೋಲು ಮುಟ್ಟಿದ ಎಂದು ದಲಿತ ಬಾಲಕನ ಮನೆಯವರಿಗೆ 60,000 ರೂಪಾಯಿ ದಂಡ.

ಇನ್ನೊಂದು ಊರು ಮರಕುಂಬಿ, ಗಂಗಾವತಿ ತಾಲ್ಲೂಕು. ಅಲ್ಲಿ ಕಿಡಿ ಹೊತ್ತಿದ್ದು ಸಿನಿಮಾ ಟಾಕೀಸಿನಲ್ಲಿ. 2014ರ ಆಗಸ್ಟ್‌ನಲ್ಲಿ ಗಂಗಾವತಿಯ ಚಿತ್ರಮಂದಿರದಲ್ಲಿ ಆದ ಜಗಳ ಊರಿಗೆ ಬಂದು, ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹೋಟೆಲಿನೊಳಗೆ ಬಿಡುವುದಿಲ್ಲ, ಕಟಿಂಗ್ ಅಂಗಡಿಯಲ್ಲಿ ಕೂರಿಸುವುದಿಲ್ಲ ಎಂಬ ತಕರಾರು ಆ ಊರಲ್ಲಿ ಮೊದಲೇ ಹೊಗೆಯಾಡುತ್ತಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ವಿಷಯ ಮೇಲ್ಮನವಿಯಾಗಿ ಹೈಕೋರ್ಟಿಗೂ ಹೋಯಿತು. ನ್ಯಾಯಾಲಯಗಳು ತಮ್ಮ ಕೆಲಸ ಮಾಡಲಿ. ಎರಡೂ ಕಡೆಯ ಮನೆಗಳಲ್ಲಿ ಒಲೆ ಆರಿದ್ದು ಮಾತ್ರ ಯಾವ ತೀರ್ಪಿನಿಂದಲೂ ತುಂಬಿಬರುವ ನಷ್ಟವಲ್ಲ.

ನಾನು ಇಲ್ಲಿ ನಮ್ಮ ಸೀಮೆಯ ಯಾವ ಊರನ್ನೂ ಕಟಕಟೆಯಲ್ಲಿ ನಿಲ್ಲಿಸುತ್ತಿಲ್ಲ. ನಿಮ್ಮ ಊರ ಲೆಕ್ಕ ನೀವೇ ಹಾಕಿ. ಜಾತ್ರೆಯ ದಿನ ಗುಡಿಯ ಮುಂದೆ ಹಲಗೆ ಬಾರಿಸುವವರು ಯಾರು? ಬೆಳಗಿನಿಂದ ಬಾರಿಸಿ ಬಾರಿಸಿ ಕೈ ಬಾತುಕೊಂಡಿರುತ್ತದೆ. ಮಂಗಳಾರತಿಯ ಹೊತ್ತಿಗೆ ಎಲ್ಲರೂ ಒಳಗೆ ನುಗ್ಗುತ್ತಾರೆ. ಅವರು ಕಟ್ಟೆಯ ಕೆಳಗೆ ನಿಂತಲ್ಲೇ ನಿಲ್ಲುತ್ತಾರೆ. ಆರತಿ ತಟ್ಟೆ ಅವರ ತನಕ ಬರುತ್ತದೋ ಇಲ್ಲವೋ? ಪ್ರಸಾದ ಕೈಗೆ ಕೊಡುತ್ತಾರೋ, ಮೇಲಿಂದ ಬೀಳಿಸುತ್ತಾರೋ? ಅವರ ಕಾಯಿಯನ್ನು ಒಳಗೆ ಒಯ್ದು ಒಡೆದು ತಂದು ಕೊಡುವವರು ಯಾರು? ಪ್ರಸಾದದ ಪಂಗತಿಯಲ್ಲಿ ಅವರು ಕೂರುವುದು ಎಲ್ಲರ ಜೊತೆಗೋ, ಎಲ್ಲರದೂ ಮುಗಿದ ಮೇಲೋ? ನಿಮ್ಮ ಊರಲ್ಲಿ ಈ ಪ್ರಶ್ನೆಗಳಿಗೆಲ್ಲ ಒಳ್ಳೆಯ ಉತ್ತರ ಇದ್ದರೆ ನಿಮ್ಮ ಊರಿಗೆ ಶರಣು. ಇಲ್ಲದಿದ್ದರೆ ಮುಂದಿನ ಮಾತು ನಿಮ್ಮೊಂದಿಗೇ.

ಭಕ್ತಿಗೆ ಜಾತಿಯ ಗೆರೆ ಇಲ್ಲ ಎಂಬ ಮಾತನ್ನು ನಮ್ಮ ಕನ್ನಡ ಸಿನಿಮಾ ಎಪ್ಪತ್ತು ವರ್ಷದ ಹಿಂದೆಯೇ ಹೇಳಿತ್ತು. 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ ಬಂತು. ಗುಬ್ಬಿ ಕಂಪನಿಯ ನಟ ಮುತ್ತುರಾಜ್, ರಾಜಕುಮಾರ್ ಆಗಿ ಹುಟ್ಟಿದ್ದು ಅದೇ ಚಿತ್ರದಲ್ಲಿ. ಗುಡಿಯ ಒಡವೆ ಕದ್ದನೆಂಬ ಅಪವಾದ ಹೊತ್ತು, ಪೆಟ್ಟು ತಿಂದು, ಕೊನೆಗೆ ಕಣ್ಣನ್ನೇ ಕಿತ್ತು ಶಿವನಿಗೆ ಕೊಟ್ಟ ಬೇಡನಿಗಾಗಿ ನಾಡಿಗೆ ನಾಡೇ ಅತ್ತಿತು. ಆದರೆ ಆ ಚಿತ್ರದಲ್ಲೂ ಅವನು ಬರಿಯ ಬೇಡನಲ್ಲ. ಶಾಪದಿಂದ ಭೂಮಿಗೆ ಬಂದ ದೇವಲೋಕದವನು. ಬೇಡನನ್ನು ಬೇಡನೆಂದೇ ಎದೆಗೆ ಅಪ್ಪಿಕೊಳ್ಳಲು ಅಂದಿನ ಕಥೆಗೂ ಒಂದು ನೆಪ ಬೇಕಾಯಿತು. ನಾವೂ ಹಾಗೆಯೇ ನಡೆದುಕೊಂಡಿದ್ದೇವೆ. 1960ರ ‘ಭಕ್ತ ಕನಕದಾಸ’ ನೋಡಿ ಕನಕನಿಗಾಗಿ ಮರುಗಿದೆವು. ಆ ಕನಕ ಇಲ್ಲೇ ನೆರೆಯ ಬಾಡದವನು, ಕಾಗಿನೆಲೆಯವನು ಎಂದು ಹೆಮ್ಮೆ ಪಟ್ಟೆವು. ತೀರಿಹೋದ ಭಕ್ತ ಪೂಜ್ಯನಾದ. ಬದುಕಿರುವ ಭಕ್ತ ಇನ್ನೂ ಬಾಗಿಲಾಚೆ ನಿಂತಿದ್ದಾನೆ.

ಕಾನೂನು ಎಂದೋ ಬಾಗಿಲು ತೆರೆದಿದೆ. ಗದಗ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಆ ಪ್ರಾಂತದಲ್ಲಿ ಹರಿಜನ ದೇವಾಲಯ ಪ್ರವೇಶ ಕಾಯ್ದೆ 1947ರಲ್ಲೇ ಬಂತು. 1950ರಲ್ಲಿ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂದವು. ಗುಡಿಗೆ ಬರದಂತೆ ತಡೆಯುವುದೂ ದೌರ್ಜನ್ಯವೇ ಎಂದು 2015ರ ತಿದ್ದುಪಡಿ ಬಿಡಿಸಿ ಹೇಳಿತು. ಆದರೆ ಪೊಲೀಸರ ಕಾವಲಿನಲ್ಲಿ ಒಂದು ದಿನ ಒಳಗೆ ಹೋಗಿ ಬಂದವರಿಗೆ ಮರುದಿನ ಕೂಲಿ ಇಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ, ಹಿಟ್ಟಿನ ಗಿರಣಿ ಬಂದ್. ಹೀಗಾದರೆ ತೆರೆದ ಬಾಗಿಲಿಗೆ ಅರ್ಥವೇನು? ಕಾನೂನು ಬಾಗಿಲು ತೆರೆಸಬಲ್ಲದು, ‘ಬಾ’ ಎಂದು ಕರೆಯಲಾರದು. ಕರೆಯಬೇಕಾದವರು ನಾವು.

ಕೆಲವರು ಹೇಳುತ್ತಾರೆ: ‘ಅವರೇ ಒಳಗ ಬರೂದಿಲ್ರೀ, ನಾವೇನ ಬ್ಯಾಡ ಅಂದೀವೇನು?’ ಅಜ್ಜನ ಕಾಲದಿಂದ ಏಟು ತಿಂದು ಕಲಿತ ಹೆದರಿಕೆಯನ್ನು ಅವರ ಇಷ್ಟ ಎನ್ನಬೇಡಿ. ಇನ್ನು ಕೆಲವರು: ‘ಹಿಂದಿನಿಂದ ನಡಕೊಂಡ ಬಂದದ್ದು.’ ಹಿಂದಿನಿಂದ ನಡೆದು ಬಂದದ್ದೇ ಧರ್ಮವಾಗಿದ್ದರೆ ಪ್ರಹ್ಲಾದ ಅಪ್ಪನ ಮಾತು ಕೇಳಿಕೊಂಡು ಸುಮ್ಮನಿರಬೇಕಿತ್ತು. ಮೂರನೆಯದು: ‘ಊರಾಗ ಎಲ್ಲಾರೂ ಚಂದ ಅದಾರ, ಸುಮ್ನ ಯಾಕ ಕೆದಕತೀರಿ?’ ಒಬ್ಬರು ಬಾಯಿ ಮುಚ್ಚಿಕೊಂಡಿರುವುದರಿಂದ ನಡೆಯುವ ಶಾಂತಿ ಶಾಂತಿಯಲ್ಲ. ಮರಕುಂಬಿಯಲ್ಲಿ ಹೊತ್ತಿ ಉರಿದದ್ದು ಅಂಥ ಶಾಂತಿಯೇ.

ನಮ್ಮ ಮಣ್ಣಿಗೆ ಇದಕ್ಕಿಂತ ದೊಡ್ಡ ಮನಸ್ಸಿದೆ. ಇದೇ ಮುಳಗುಂದದಲ್ಲಿ ಕವಿ ನಯಸೇನ 1112ರಲ್ಲಿ ‘ಧರ್ಮಾಮೃತ’ ಬರೆದ. ಧರ್ಮ ಪಂಡಿತರ ಸೊತ್ತಾಗದೆ ಜನಕ್ಕೆ ದಕ್ಕಲಿ ಎಂದು ಹದಿನಾಲ್ಕು ಆಶ್ವಾಸಗಳ ತುಂಬ ಜನರ ಗಾದೆ, ಜನರ ಹೋಲಿಕೆಗಳನ್ನು ತುಂಬಿದ. ಒಂದೊಂದು ವ್ರತ ಹಿಡಿದು, ಏನೇ ಕಷ್ಟ ಬಂದರೂ ಬಿಡದೆ ನಡೆದವರ ಕಥೆಗಳು ಅವು. ಇದೇ ಮುಳಗುಂದದ ದಾವಲ್ ಮಲಿಕನ ಗುಡ್ಡವನ್ನು ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ಹತ್ತುತ್ತಾರೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ. ಧರ್ಮ ಬೇರೆಯಾದವರ ಜೊತೆ ಒಂದೇ ಮೆಟ್ಟಿಲು ಹತ್ತಲು ಬಂದ ನಮಗೆ, ನಮ್ಮದೇ ದೇವರನ್ನು ನಂಬಿದ ನಮ್ಮದೇ ಊರವರ ಜೊತೆ ಹತ್ತಲು ಯಾಕೆ ಬರಬಾರದು?

ಹಾಗಾಗಿ ನಾವೂ ಒಂದು ವ್ರತ ಹಿಡಿಯೋಣ.

ಗುಡಿ ಕಮಿಟಿಯ ಹಿರಿಯರೇ, ಮುಂದಿನ ಜಾತ್ರೆಗೆ ಮೊದಲು ಸಭೆ ಕರೆಯಿರಿ. ಗುಡಿ ಎಲ್ಲರಿಗೂ ತೆರೆದಿದೆ ಎಂದು ಡಂಗುರ ಹೊಡೆಸಿ. ಡಂಗುರ ಹೊಡೆಸಿ ಮನೆಯಲ್ಲಿ ಕೂರಬೇಡಿ. ಜಾತ್ರೆಯ ಬೆಳಿಗ್ಗೆ ನೀವೇ ಕೇರಿಗೆ ಹೋಗಿ, ಹಲಗೆ ಬಾರಿಸುವವರ ಮನೆಯ ಹಿರಿಯನ ಕೈ ಹಿಡಿದು ಕರೆತನ್ನಿ. ಉಳಿದವರು ಎಲ್ಲಿಯವರೆಗೆ ಹೋಗುತ್ತಾರೋ ಅಲ್ಲಿಯವರೆಗೆ ಅವರೂ ಹೋಗಲಿ. ಕಮಿಟಿಯಲ್ಲಿ ಅವರ ಹೆಸರಿರಲಿ, ತೇರಿನ ಹಗ್ಗಕ್ಕೆ ಅವರ ಕೈಯೂ ಇರಲಿ, ಪಂಗತಿ ಒಂದೇ ಇರಲಿ.

ಪೂಜಾರಿಗಳೇ, ಪ್ರಸಾದವನ್ನು ಅಂಗೈಗೆ ಅಂಗೈ ತಾಗುವಂತೆ ಕೊಡಿ. ಮಠದ ಸ್ವಾಮಿಗಳೇ, ಪುರಾಣ-ಪ್ರವಚನದಲ್ಲಿ ಪ್ರಹ್ಲಾದನ ಕಥೆ ಬಂದ ದಿನ ಮಿಯಾಪುರದ ಕೂಸಿನ ಕಥೆಯನ್ನೂ ಹೇಳಿ. ಹೋಟೆಲು, ಕಟಿಂಗ್ ಅಂಗಡಿ ನಡೆಸುವವರೇ, ನಿಮ್ಮ ಮೇಲೆ ಊರಿನ ಒತ್ತಡವಿದೆ ಎಂದು ಬಲ್ಲೆ. ಒಬ್ಬರಿಗೆ ಆಗದ್ದನ್ನು ಎಲ್ಲರೂ ಒಂದೇ ದಿನ ಮಾಡಿ. ತಾಯಂದಿರೇ, ಮಕ್ಕಳಿಗೆ ‘ಅವರ ಮನೆಗೆ ಹೋಗಬೇಡ’ ಎನ್ನುವ ಮಾತನ್ನು ಇವತ್ತಿಗೇ ನಿಲ್ಲಿಸಿ.

ತರುಣರೇ, ನಿಮ್ಮ ಮೇಲೆ ನನಗೆ ಹೆಚ್ಚಿನ ಭರವಸೆ. ಮೆಚ್ಚಿದ ನಟನ ಸಿನಿಮಾ ಬಂದರೆ ಕಟೌಟ್ ನಿಲ್ಲಿಸುವ ಹುರುಪು ನಿಮ್ಮಲ್ಲಿದೆ. ಗುಡಿಯ ಮುಂದಿನ ಬಯಲಿನಲ್ಲಿ ಪರದೆ ಕಟ್ಟಿ ‘ಭಕ್ತ ಪ್ರಹ್ಲಾದ’ ತೋರಿಸಿ, ಎಲ್ಲ ಓಣಿಯವರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿ, ಮುಗಿದ ಮೇಲೆ ಎಲ್ಲರೂ ಸೇರಿ ಗುಡಿಯೊಳಗೆ ಹೋಗಿ ಕಾಯಿ ಒಡೆಯಿರಿ. ಯಾರಾದರೂ ಅಡ್ಡ ಬಂದರೆ, ದಂಡ ಎಂದರೆ, ಬಹಿಷ್ಕಾರ ಎಂದರೆ, ‘ನಾನು ನೋಡಿದ್ದೇನೆ, ಸಾಕ್ಷಿ ಹೇಳುತ್ತೇನೆ’ ಎಂದು ಮುಂದೆ ಬನ್ನಿ. ಇಂಥ ಪ್ರಕರಣಗಳಲ್ಲಿ ಕಾನೂನಿಗೆ ಬಲ ಬರುವುದು ಸಾಕ್ಷಿ ಹೇಳುವ ಜನರಿದ್ದಾಗ ಮಾತ್ರ.

ಇದಕ್ಕೆ ಸರ್ಕಾರದ ಅನುದಾನ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ನರಸಿಂಹನಿಗೆ ಕೈ ಮುಗಿದವರು, ಪ್ರಹ್ಲಾದನಿಗಾಗಿ ಕಣ್ಣೀರು ಹಾಕಿದವರು ಪ್ರತಿ ಊರಲ್ಲೂ ಇದ್ದೀರಿ. ನಿಮ್ಮ ಊರ ಜಾತ್ರೆಯ ತಿಥಿ ನಿಮಗೆ ಗೊತ್ತಿದೆ. ಈ ವಾರವೇ ನಾಲ್ಕು ಜನ ಕೂಡಿ, ಕೇರಿಯ ಹಿರಿಯರನ್ನು ಜೊತೆಗೆ ಕೂರಿಸಿಕೊಂಡು ಮಾತು ಶುರುಮಾಡಿ. ಈ ಸಲದ ಮೊದಲ ಮಂಗಳಾರತಿಗೆ ಊರಿಗೆ ಊರೇ ಗುಡಿಯೊಳಗಿರಲಿ.