ಎಲ್ಲಿ ಕರಗುತ್ತದೆ ಎಂಬುದನ್ನೂ ಬರೆಯಿರಿ

ಅಂಗಡಿಗಳಲ್ಲಿ ಈಗ ಮೆತ್ತಗಿನ ಹೊಸ ಬಗೆಯ ಚೀಲ ಸಿಗುತ್ತಿದೆ. ‘ಇದು ಪ್ಲಾಸ್ಟಿಕ್ ಅಲ್ಲ, ಮೆಕ್ಕೆಜೋಳದ್ದು, ಮಣ್ಣಲ್ಲಿ ಕರಗಿಹೋಗುತ್ತದೆ’ ಎಂಬ ಭರವಸೆಯೂ ಅದರ ಜೊತೆಗೇ ಸಿಗುತ್ತದೆ. ಅದರಲ್ಲಿ ಅರ್ಧ ಮಾತ್ರ ನಿಜ.

ಮೆಕ್ಕೆಜೋಳದ ಸಕ್ಕರೆಯನ್ನು ಹುದುಗಿಸಿ ಮಾಡುವ ಪಾಲಿಲ್ಯಾಕ್ಟಿಕ್ ಆಮ್ಲ (ಪಿಎಲ್‌ಎ) ಬಿರುಸಾದ ವಸ್ತು. ಅದೊಂದರಿಂದಲೇ ಚೀಲ ಮಾಡಿದರೆ ಮಡಿಸಿದಲ್ಲಿ ಸೀಳುತ್ತದೆ. ಅದಕ್ಕೇ ರಬ್ಬರಿನಂತೆ ಹಿಗ್ಗುವ ಪಿಬಿಎಟಿ ಎಂಬ ಇನ್ನೊಂದು ಪಾಲಿಮರನ್ನು ಬೆರೆಸುತ್ತಾರೆ. ಕೆಲವೊಮ್ಮೆ ಪಿಷ್ಟವನ್ನೂ ಸೇರಿಸುತ್ತಾರೆ. ಪಿಎಲ್‌ಎ, ಪಿಬಿಎಟಿ ಎರಡೂ ತಾವಾಗಿ ಹೊಂದಿಕೊಳ್ಳುವುದಿಲ್ಲ, ನಡುವೆ ಬೆಸೆಯಲು ಮತ್ತೊಂದು ರಾಸಾಯನಿಕ ಬೇಕು. ಯಾವುದು ಎಷ್ಟು ಎಂಬ ಪ್ರಮಾಣವನ್ನು ಬದಲಿಸುತ್ತ ಹೋದರೆ ನೂಲು, ಹಾಳೆ, ಅಚ್ಚಿನ ಚಮಚ, ತಟ್ಟೆ ಎಲ್ಲವೂ ಆಗುತ್ತವೆ. ಇದು ನಿಜಕ್ಕೂ ಒಳ್ಳೆಯ ವಿಜ್ಞಾನ. ಆದರೆ ಈ ಪಿಬಿಎಟಿ ಇಂದಿಗೂ ಬಹುಪಾಲು ಬರುವುದು ಪೆಟ್ರೋಲಿಯಂ ಮೂಲದಿಂದ. ಇನ್ನೂ ಅಚ್ಚರಿಯೆಂದರೆ, ಸಾಮಾನ್ಯ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳಿಗೆ ಬೇಗ ಬಗ್ಗುವುದು ಈ ಪೆಟ್ರೋಲಿಯಂ ಭಾಗವೇ. ಮೆಕ್ಕೆಜೋಳದ ಪಿಎಲ್‌ಎ ಮೆತ್ತಗಾಗಲು 55ರಿಂದ 60 ಡಿಗ್ರಿ ಶಾಖ ಬೇಕು, ಜೊತೆಗೆ ತೇವವೂ ಇರಬೇಕು.

ಭಾರತದ ನಿಯಮಗಳು ಒಪ್ಪಿಕೊಂಡಿರುವ ಐಎಸ್/ಐಎಸ್ಒ 17088 ಮಾನದಂಡ ಕೇಳುವುದೂ ಅಂಥದ್ದನ್ನೇ: ಸುಮಾರು 58 ಡಿಗ್ರಿ ಶಾಖದ ಗೊಬ್ಬರದಲ್ಲಿ 180 ದಿನದೊಳಗೆ ಶೇಕಡಾ 90 ಭಾಗ ಜೀರ್ಣವಾಗಬೇಕು. ಚರಂಡಿಯಲ್ಲಿ, ಕೆರೆಯಂಚಿನಲ್ಲಿ, ಮನೆಯ ಗೊಬ್ಬರದ ಮಡಕೆಯಲ್ಲಿ ಆ ಬಿಸಿ ಎಲ್ಲಿಂದ ಬರಬೇಕು? ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೊಬ್ಬರವಾಗುವ ಚೀಲ ಸಮುದ್ರದ ನೀರಿನಲ್ಲಿ ಮೂರು ತಿಂಗಳಲ್ಲಿ ಮಾಯವಾಗಿತ್ತು. ಮಣ್ಣಿನಲ್ಲಿ ಹೂತದ್ದು 27 ತಿಂಗಳ ನಂತರವೂ ಸಿಕ್ಕಿತು. ಭಾರ ಹೊರುವ ಶಕ್ತಿ ಹೋಗಿತ್ತು, ಚೀಲ ಹೋಗಿರಲಿಲ್ಲ.

2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಇಂಥ ಕೈಚೀಲಗಳಿಗೆ ದಪ್ಪದ ಮಿತಿಯಿಂದ ವಿನಾಯಿತಿ ಕೊಟ್ಟಿವೆ. ವಿನಾಯಿತಿ ಕೊಟ್ಟ ಸರ್ಕಾರ, ಬಳಸಿದ ಮೇಲೆ ಚೀಲ ಎಲ್ಲಿಗೆ ಹೋಗಬೇಕೆಂಬುದನ್ನೂ ಕಟ್ಟುನಿಟ್ಟಾಗಿ ಹೇಳಬೇಕಿತ್ತು. ಇಂದು ಪೌರಕಾರ್ಮಿಕರ ಕೈಯಲ್ಲಿ ಇಂಥ ಚೀಲವೂ ಮಾಮೂಲಿ ಪ್ಲಾಸ್ಟಿಕ್ ಚೀಲವೂ ಒಂದೇ ರೀತಿ ಕಾಣುತ್ತವೆ. ಹಸಿ ಕಸದಿಂದ ಆರಿಸಿ ತೆಗೆದರೆ ಹೊಸ ಬಗೆಯ ಚೀಲ ಗೊಬ್ಬರವಾಗುವುದೇ ಇಲ್ಲ. ಒಣ ಕಸಕ್ಕೆ ಸೇರಿದರೆ ಮರುಬಳಕೆಯ ಪ್ಲಾಸ್ಟಿಕನ್ನೂ ಕೆಡಿಸುತ್ತದೆ.

ಈ ಮಿಶ್ರಣಗಳಿಗೆ ಸರಿಯಾದ ಜಾಗಗಳಿವೆ. ಹಸಿ ಕಸ ತುಂಬುವ ಚೀಲ ಕಸದೊಡನೆಯೇ ಗೊಬ್ಬರದ ಘಟಕಕ್ಕೆ ಹೋದರೆ ಸಾರ್ಥಕ. ಟೊಮೆಟೊ, ಕಲ್ಲಂಗಡಿ ಹೊಲಗಳಲ್ಲಿ ಮಣ್ಣಿಗೆ ಹೊದಿಸುವ ಮಲ್ಚಿಂಗ್ ಶೀಟ್ ಇನ್ನೂ ಮುಖ್ಯವಾದದ್ದು. ಪಾಲಿಥೀನ್ ಹಾಳೆ ಬೆಳೆ ಮುಗಿದ ಮೇಲೆ ಚಿಂದಿಯಾಗಿ ಮಣ್ಣಿಗೆ ಸೇರುತ್ತದೆ, ಅದನ್ನು ಪೂರ್ತಿ ಆಯ್ದು ತೆಗೆಯುವ ರೈತ ಸಿಗುವುದು ಕಷ್ಟ. ಮಣ್ಣಿನಲ್ಲೇ ಕರಗುವ ಹಾಳೆಗೆಂದು ಯುರೋಪಿನಲ್ಲಿ 2018ರಿಂದ ಇಎನ್ 17033 ಎಂಬ ಬೇರೆಯೇ ಮಾನದಂಡವಿದೆ: ಸಾಮಾನ್ಯ ಶಾಖದ ಮಣ್ಣಿನಲ್ಲಿ ಎರಡು ವರ್ಷದೊಳಗೆ ಶೇಕಡಾ 90 ಭಾಗ ಜೀರ್ಣವಾಗಬೇಕು. ಸಹಾಯಧನದ ಹಣ ಹರಿಯಬೇಕಾದ್ದು ಇಂಥ ಕಡೆಗೆ.

ತರಕಾರಿ ತರಲು ಬಟ್ಟೆಯ ಕೈಚೀಲ ಸಾಕು. ಉಳಿದ ಕಡೆ, ಎಷ್ಟು ಶಾಖದಲ್ಲಿ, ಎಷ್ಟು ದಿನದಲ್ಲಿ, ಯಾವ ಜಾಗದಲ್ಲಿ ಕರಗುತ್ತದೆ ಎಂಬುದನ್ನು ಚೀಲದ ಮೇಲೆ ಕನ್ನಡದಲ್ಲಿ ಅಚ್ಚು ಹಾಕುವುದನ್ನು ಸರ್ಕಾರ ಕಡ್ಡಾಯ ಮಾಡಲಿ.