ಆಚೆ ಬದಿಯ ಪಿಸುಮಾತು

ಕಳೆದ ವಾರ ಮೊಮ್ಮಗ ಪುಣೆಯಿಂದ ಫೋನ್ ಮಾಡಿದ್ದ. ಕಂಪನಿ ಕೆಲಸಕ್ಕೆಂದು ಹದಿನೈದು ದಿನ ಹೋಗಿದ್ದಾನೆ. "ತಾತ, ಸಂಜೆ ಆದ್ರೆ ಹೊತ್ತೇ ಹೋಗಲ್ಲ. ಮೊಬೈಲ್ ನೋಡಿ ನೋಡಿ ಕಣ್ಣುರಿ ಬಂತು" ಎಂದ. ನನಗೆ 1979ರ ಬಿಜಾಪುರ ನೆನಪಾಯಿತು. ಈಗ ಅದು ವಿಜಯಪುರ.

ಆಗ ನನಗೆ ಇಪ್ಪತ್ತೇಳು. ಮೈಸೂರಿನಿಂದ ಅಲ್ಲಿನ ಶಾಖೆಗೆ ಒಂದು ತಿಂಗಳ ಮಟ್ಟಿಗೆ ಕಳಿಸಿದ್ದರು. ಮಕ್ಕಳೇ, ಬ್ಯಾಂಕಿನಲ್ಲಿ ಆಗ ಕಂಪ್ಯೂಟರ್ ಇರಲಿಲ್ಲ. ಒಬ್ಬೊಬ್ಬ ಗ್ರಾಹಕನಿಗೂ ಲೆಡ್ಜರಿನಲ್ಲಿ ಒಂದೊಂದು ಪುಟ. ಎಲ್ಲ ಪುಟಗಳ ಬಾಕಿ ಕೂಡಿದರೆ ದೊಡ್ಡ ಪುಸ್ತಕದ ಮೊತ್ತಕ್ಕೆ ಸರಿಹೊಂದಬೇಕು. ಹತ್ತು ಪೈಸೆ ಹೆಚ್ಚುಕಡಿಮೆಯಾದರೂ ಮತ್ತೆ ಮೊದಲಿಂದ ಕೂಡಬೇಕು. ಹಗಲು ಹೇಗೋ ಕಳೆಯುತ್ತಿತ್ತು. ಸಂಜೆ ಲಾಡ್ಜಿನ ಕೋಣೆಗೆ ಬಂದರೆ ಒಂದು ಮಂಚ, ಒಂದು ಹೂಜಿ, ನಾನು. ಪತ್ರಿಕೆಯ ಟೆಂಡರ್ ಜಾಹೀರಾತನ್ನೂ ಬಿಡದೆ ಓದಿದೆ. ಮನೆಗೆ ಇನ್‌ಲ್ಯಾಂಡ್ ಪತ್ರ ಬರೆದೆ. ಆಮೇಲೂ ಗಂಟೆ ಏಳೂವರೆ!

ಮೊದಲ ಭಾನುವಾರ ಗೋಲಗುಮ್ಮಟಕ್ಕೆ ಹೋದೆ. 1656ರ ಕಟ್ಟಡ, ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಅಷ್ಟು ದೊಡ್ಡ ಗುಮ್ಮಟದ ಕೆಳಗೆ ಒಂದು ಕಂಬವೂ ಇಲ್ಲ. ಮೂಲೆಯ ಗೋಪುರದ ಇಕ್ಕಟ್ಟು ಮೆಟ್ಟಿಲು ಹತ್ತಿದರೆ ಗುಮ್ಮಟದ ಒಳಸುತ್ತಿನ ಗ್ಯಾಲರಿ. ಅಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ದನಿ ಬಾಗಿದ ಗೋಡೆಗುಂಟ ಹರಿದು ಎದುರು ಬದಿಯವರಿಗೆ ಕೇಳಿಸುತ್ತದೆ. ನಾನೂ ಪಿಸುಗುಟ್ಟಿದೆ. ಎದುರು ಬದಿಯಲ್ಲಿ ಯಾರೂ ಇರಲಿಲ್ಲ.

ಲಾಡ್ಜಿನಲ್ಲಿ ಚಹಾ ತರುವ ಹುಡುಗನೊಬ್ಬನಿದ್ದ. ಹತ್ತು ವರ್ಷ ಇದ್ದೀತು. ಇಂಥ ಎಳೆಯನನ್ನು ಕೆಲಸಕ್ಕೆ ಹಚ್ಚಿದ್ದಾರಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ, ನಾನೂ ಕೇಳಲಿಲ್ಲ. ಒಂದು ಸಂಜೆ ನನ್ನ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ನೋಡುತ್ತಿದ್ದ. ಹೊತ್ತು ಹೋಗಲೆಂದು, ನನ್ನ ಹೊತ್ತು ಹೋಗಲೆಂದೇ, ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಅ ಆ ಇ ಈ ಬರೆದುಕೊಟ್ಟೆ.

ಮರುದಿನದಿಂದ ಅವನು ಚಹಾ ತಂದರೆ ಬೇಗ ಹೋಗುತ್ತಿರಲಿಲ್ಲ. ಕೆಳಗಿನಿಂದ ಕೂಗು ಬರುವವರೆಗೂ ನೆಲದ ಮೇಲೆ ಕೂತು ತಿದ್ದುತ್ತಿದ್ದ. ನನಗೂ ಗಡಿಯಾರ ನೋಡುವುದು ಮರೆಯಿತು. "ಸಾಹೇಬ್ರ, ನನ್ನ ಹೆಸರು ಯಾವಾಗ ಬರ್ತೈತ್ರಿ?" ಎಂದು ದಿನಾ ಕೇಳುತ್ತಿದ್ದ. ಅವನ ಹೆಸರಿನಲ್ಲಿ ಯಕಾರವಿತ್ತು, ಲಕಾರಕ್ಕೆ ಒತ್ತೂ ಇತ್ತು. "ಇನ್ನೂ ಕವರ್ಗದಲ್ಲಿದ್ದೀವಿ, ತಡಿಯೋ" ಎನ್ನುತ್ತಿದ್ದೆ. ಗುಮಾಸ್ತನ ಬುದ್ಧಿ ನೋಡಿ, ಪುಟದ ಕ್ರಮ ತಪ್ಪಬಾರದು!

ಮೂರನೆಯ ಭಾನುವಾರ ಲಾಡ್ಜಿನವರನ್ನು ಕೇಳಿ ಅವನನ್ನು ಗುಮ್ಮಟಕ್ಕೆ ಕರೆದೊಯ್ದೆ. ಅದೇ ಊರಿನವನು, ಒಮ್ಮೆಯೂ ಹತ್ತಿರಲಿಲ್ಲ. ಬೆಳಗಿನ ಹೊತ್ತು, ಜನರಿರಲಿಲ್ಲ. ಅವನನ್ನು ಎದುರು ಬದಿಗೆ ಕಳಿಸಿ ಗೋಡೆಗೆ ಕಿವಿಯಿಟ್ಟೆ. ಕ ಖ ಗ ಘ ಎಂದು ಒಪ್ಪಿಸಿಯಾನು ಅಂದುಕೊಂಡಿದ್ದೆ. ಅವನು ತನ್ನ ಹೆಸರು ಹೇಳಿದ. ಸ್ವಲ್ಪ ಬಿಟ್ಟು, "ಕೇಳಸ್ತೇನ್ರಿ?" ಕಿವಿಯ ಪಕ್ಕದಲ್ಲೇ ನಿಂತು ಕೇಳಿದ ಹಾಗಿತ್ತು.

ಆ ವಾರ ಪವರ್ಗ ಮುಗಿಸಿದೆವು. ಸೋಮವಾರದಿಂದ ಯ ರ ಲ ವ ಎಂದು ಮಾತಾಗಿತ್ತು. ಶನಿವಾರ ಲೆಕ್ಕ ಪೈಸೆಗೆ ಪೈಸೆ ಸರಿಹೊಂದಿತು. ಮ್ಯಾನೇಜರರು ಕೈ ಕುಲುಕಿ, ಒಂದು ವಾರ ಮೊದಲೇ ಊರಿಗೆ ಹೋಗಬಹುದು ಎಂದರು. ಹಿಗ್ಗಿನಲ್ಲಿ ಆ ರಾತ್ರಿಯೇ ಪೆಟ್ಟಿಗೆ ಕಟ್ಟಿದೆ. ಬೆಳಿಗ್ಗೆ ರೈಲಿಗೆ ಹೊರಟಾಗ ಹುಡುಗ ಹಾಲು ತರಲು ಹೋಗಿದ್ದನಂತೆ. ಹತ್ತು ನಿಮಿಷ ಕಾದೆ. ಟಾಂಗಾದವನು ಅವಸರ ಮಾಡಿದ.

ಜೇಬಿನಲ್ಲಿದ್ದ ಚೀಟಿಯ ಹಿಂದೆ ಅವನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದೆ. ಮೊದಲ ದಿನವೇ ಬರೆದುಕೊಡಬಹುದಾಗಿದ್ದ ನಾಲ್ಕು ಅಕ್ಷರ. "ಹುಡುಗನಿಗೆ ಕೊಡಿ" ಎಂದು ಗಲ್ಲಾದಲ್ಲಿದ್ದವರ ಕೈಗಿತ್ತೆ. ಅವರು ಅದನ್ನು ಓದದೆ ರಸೀದಿ ಪುಸ್ತಕದ ಕೆಳಗೆ ಸಿಕ್ಕಿಸಿ, ಬಾಕಿ ಚಿಲ್ಲರೆ ಎಣಿಸತೊಡಗಿದರು.