ಕನ್ನಡಕ್ಕೆ ಪ್ರಾಸದ ಬಡತನವೆ?

ರ‍್ಯಾಪ್ ಎಂದರೆ ಬರಿಯ ವಟವಟವೆಂದು ಕಿವಿ ಮುಚ್ಚಿಕೊಳ್ಳುತ್ತಿದ್ದವನು ನಾನು. ಮೊನ್ನೆ ರಾಮನಗರದ ನಮ್ಮ ಮನೆಯಲ್ಲಿ ಮಗನ ಬಲವಂತಕ್ಕೆ ಕೊರಿಯದ ವರ್ಬಲ್ ಜಿಂಟ್ ಎಂಬಾತನ 'ಮಾಡರ್ನ್ ರೈಮ್ಸ್' (2001) ಧ್ವನಿಮುದ್ರಿಕೆ ಕೇಳಿದೆ. ಒಂದು ಮಾತೂ ತಿಳಿಯಲಿಲ್ಲ. ಪ್ರಾಸ ಮಾತ್ರ ಹಿಡಿದು ಕೂರಿಸಿತು.

ಕೊರಿಯನ್ ವಾಕ್ಯವೂ ನಮ್ಮದರಂತೆ ಕ್ರಿಯಾಪದದಲ್ಲೇ ಮುಗಿಯುವಂಥದು. 'ಬಂದನು, ಹೋದನು' ಎಂಬ ಸಪ್ಪೆ ಪ್ರಾಸದ ಕಾಟ ಅವರಿಗೂ ಉಂಟು. ಆತ ಅಷ್ಟಕ್ಕೆ ತೃಪ್ತನಾಗದೆ ಹಲವು ಅಕ್ಷರಗಳ ಪ್ರಾಸವನ್ನು ತನ್ನ ನುಡಿಯಲ್ಲೇ ಹೆಣೆದ.

ನಮ್ಮ ಹುಡುಗರೋ (ಎಲ್ಲರೂ ಅಲ್ಲ, ಬಹುಮಂದಿ) ಕನ್ನಡ ಇದಕ್ಕೆ ಬಾಗದೆಂದು ಸಾಲಿನ ತುದಿಗೆ ಇಂಗ್ಲಿಷಿನ ಬಾಲ ಕಟ್ಟುತ್ತಾರೆ. ಸ್ವಾಮಿ, ಪಂಪನೂ ಕುಮಾರವ್ಯಾಸನೂ ಪ್ರಾಸವಿಟ್ಟದ್ದು ಸಾಲಿನ ಎರಡನೆಯ ಅಕ್ಷರದಲ್ಲಿ! 'ಕಳ್ಳ'ನಿಂದ ಒಂದು ಸಾಲು ಎದ್ದರೆ ಮುಂದಿನದು 'ಸುಳ್ಳಿ'ನಿಂದ ಏಳುತ್ತದೆ. ತುದಿಯ ಕ್ರಿಯಾಪದ ಏನಾದರೂ ಆಗಲಿ. ಈ ಆಸ್ತಿಯನ್ನು ಛಂದಸ್ಸಿನ ಪಾಠವೆಂದು ಅಟ್ಟಕ್ಕೆ ಹಾಕಿದವರು ಹುಡುಗರಲ್ಲ, ನಾವು.

ರ‍್ಯಾಪ್ ಹಾಡಲ್ಲ, ಮಾತು ಎಂದು ಮೂಗು ಮುರಿಯುವ ಹಿರಿಯರು ಚನ್ನಪಟ್ಟಣದ ದಾರಿಯಲ್ಲಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಕಂಸಾಳೆಯವರು ಕಥೆ ನಡೆಸುವ ದಿನ ಹೋಗಿ ಕೂರಲಿ. ಹಾಡು ಎಲ್ಲಿ ಮಾತಾಯಿತು, ಮಾತು ಎಲ್ಲಿ ಹಾಡಾಯಿತು, ಅಲ್ಲೇ ಗೆರೆ ಎಳೆದು ತೋರಿಸಲಿ.